ಹಸಿ ಹಲಗೆಯ ಗೋಡೆ

ಹಿತ್ತಲಿನ ಮಾವಿನ ಮರವನ್ನು ಕರೆಂಟಿನವರು ಕಡಿದುಹಾಕಿದ ದಿನ ಮನೆಯಲ್ಲಿ ಯಾರೂ ಅದಕ್ಕಾಗಿ ಮರುಗಲಿಲ್ಲ. ತಂತಿಗೆ ತಾಗುತ್ತದೆಂದು ಕೊಂಬೆ ಸವರಲು ಬಂದವರು, ಸವರುತ್ತ ಸವರುತ್ತ ಹುಮ್ಮಸ್ಸು ಹತ್ತಿ ಬುಡಕ್ಕೇ ಇಳಿದರು. ಸಣ್ಣಪುಟ್ಟದ್ದನ್ನೆಲ್ಲ ಹೊತ್ತುಕೊಂಡು ಹೋದರು, ಬೊಡ್ಡೆ ಉಳಿಯಿತು. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕಾದ ಓಣಿ ಅದು. ಅಲ್ಲಿಂದ ಅಂಥ ದಿಮ್ಮಿಯನ್ನು ಹೊರಗೆ ಸಾಗಿಸುವುದು ಯಾರಪ್ಪನಿಂದಲೂ ಆಗುವಂತಿರಲಿಲ್ಲ. ಅದು ಬಟ್ಟೆ ಒಗೆಯುವ ಕಲ್ಲಿಗೂ ನೀರಿನ ತೊಟ್ಟಿಗೂ ನಡುವೆ, ಕರೆಯದೆ ಬಂದು ಏಳಲೊಲ್ಲದ ನೆಂಟನ ಹಾಗೆ ಮಲಗಿಬಿಟ್ಟಿತು.

‘ಹಾಳಾದ್ದು, ನಿಂತಿದ್ದಾಗ ಒಂದು ಕಾಯಿ ಬಿಡ್ಲಿಲ್ಲ, ಬಿದ್ದಮೇಲೆ ಜಾಗ ಬಿಡ್ತಿಲ್ಲ’ ಎಂದಳು ತಾಯಿ.

ಮಗ ಮಾತ್ರ ಮಂಚದಿಂದ ಎದ್ದು ಬಂದ. ಆ ಮನೆಯಲ್ಲಿ ಅದೇ ದೊಡ್ಡ ಸುದ್ದಿ. ಹಣ್ಣು ತುಂಬುವ ಮರದ ಪೆಟ್ಟಿಗೆ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಹುಡುಗನಾಗಿದ್ದಾಗಿನಿಂದ ಗರಗಸದ ಮುಂದೆ ನಿಂತವನು ಅವನು. ಹಲಗೆಯನ್ನು ಕಣ್ಣಳತೆಯಲ್ಲೇ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕೊಯ್ಯುತ್ತಾನೆಂದು ಎಲ್ಲರೂ ಮಿಲಿಮೀಟರ್ ಎಂದೇ ಕರೆಯುತ್ತಿದ್ದರು. ಪ್ಲಾಸ್ಟಿಕ್ ಬುಟ್ಟಿಗಳು ಬಂದವು, ಕಾರ್ಖಾನೆ ಬಾಗಿಲು ಹಾಕಿತು. ಅಂದಿನಿಂದ ಮಿಲಿಮೀಟರ್ ಗೋಡೆ ಕಡೆ ಮುಖ ಮಾಡಿ ಮಲಗಿದವನು, ಊಟಕ್ಕೆ ಎದ್ದರೆ ಎದ್ದ, ಇಲ್ಲದಿದ್ದರೆ ಇಲ್ಲ. ಈಗ ಬನಿಯನ್ನಿನಲ್ಲೇ ಹಿತ್ತಲಿಗೆ ಬಂದು ದಿಮ್ಮಿಯ ಸುತ್ತ ಒಂದು ಸುತ್ತು ಹಾಕಿದ. ಗೆಣ್ಣಿನಿಂದ ತಟ್ಟಿದ. ಕಡಿದ ಮುಖದ ಮೇಲೆ ಅಂಗೈಯಿಟ್ಟು, ಜ್ವರ ನೋಡುವವನ ಹಾಗೆ ಕೊಂಚ ಹೊತ್ತು ನಿಂತ.

‘ಸೂಜೀ, ಇದರೊಳಗೆ ಒಂದು ಗೋಡೆ ಇದೆ ಕಣೇ!’

ಸೂಜಿ ಎಂದರೆ ಅವನ ತಂಗಿ. ಅವಳಿಗೆ ಬೇರೆ ಹೆಸರಿತ್ತು, ಅದು ಕಾಗದಪತ್ರಕ್ಕೆ ಮಾತ್ರ. ಬೀದಿ ಕಿಟಕಿಯ ಪಕ್ಕ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಮೈ ಸಣ್ಣ, ಮಾತು ಅದಕ್ಕಿಂತ ಸಣ್ಣ. ಗಿರಾಕಿಗಳು ಅಳತೆ ಕೊಟ್ಟು ಹೊರಗೆ ಹೋದಮೇಲೆ, ಅವಳು ಏನಾದರೂ ಮಾತಾಡಿದಳೇ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಗೋಡೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಮೆಷಿನ್ನಿನ ಚಕ್ರ ಹಿಡಿದು ನಿಲ್ಲಿಸಿದಳು. ಏಕೆಂದರೆ ಆ ಮನೆಯಲ್ಲಿ ಆ ಮಾತಿಗೆ ಒಂದೇ ಅರ್ಥವಿತ್ತು.

ಇದ್ದದ್ದು ಒಂದೇ ಉದ್ದನೆಯ ಕೋಣೆ, ಪಕ್ಕದಲ್ಲಿ ಒಂದು ಅಡುಗೆಮನೆ. ಅಡುಗೆಮನೆಯಲ್ಲಿ ತಾಯಿ ಮಲಗುತ್ತಿದ್ದಳು. ಕೋಣೆಯ ಒಳತುದಿಯಲ್ಲಿ ಅಣ್ಣ ಅತ್ತಿಗೆಯರ ಮಂಚ, ಬೀದಿಯ ತುದಿಯಲ್ಲಿ ಸೂಜಿಯ ಮೆಷಿನ್ನು, ಅವಳ ಹಾಸಿಗೆ. ನಡುವೆ ಅವಳೇ ಹೊಲಿದ ಪರದೆ. ಪರದೆ ಕಣ್ಣಿಗೆ ಅಡ್ಡವೇ ಹೊರತು ಕಿವಿಗೆ ಅಡ್ಡವಲ್ಲ. ಅತ್ತಿಗೆ ಜಗಳಗಂಟಿಯಲ್ಲ. ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಹಿಡಿದು ನಿಂತು ಬರುತ್ತಿದ್ದವಳು, ಒಂದು ದಿನ ತವರಿಗೆ ಹೊರಡಲು ಬಟ್ಟೆಯ ಚೀಲ ತುಂಬಿಕೊಂಡು ಅತ್ತೆಯ ಎದುರು ನಿಂತು ಮೆಲ್ಲಗೆ ಹೇಳಿದ್ದಳು:

‘ನಾನು ಮದುವೆ ಆಗಿದ್ದು ಒಬ್ಬರನ್ನ. ಮಲಗೋದು ಮೂರು ಜನದ ಜೊತೆ. ನನ್ನಿಂದ ಆಗ್ತಿಲ್ಲ ಅತ್ತೆ. ಒಂದು ಗೋಡೆ ಹಾಕ್ಸಿ, ಅವತ್ತೇ ಬರ್ತೀನಿ.’

ಪರದೆಯ ಈಚೆ ಗುಂಡಿ ಹೊಲಿಯುತ್ತಿದ್ದ ಸೂಜಿಗೆ ಅದೆಲ್ಲ ಕೇಳಿಸಿತ್ತು. ಮೂರು ಜನವಂತೆ! ತಾಯಿ ದಿಂಬಿಗೆ ತಲೆ ಕೊಟ್ಟರೆ ಬೆಳಗಾಗುವವರೆಗೆ ಈ ಲೋಕದವಳಲ್ಲ. ಹಾಗಾದರೆ ಎಣಿಕೆಯಲ್ಲಿ ಉಳಿದವಳು ಯಾರು? ಸೂಜಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆ ಪರದೆಯ ಈಚೆ ಅವಳು ಕೆಮ್ಮನ್ನು ದಿಂಬಿಗೆ ಒತ್ತಿ ಕೆಮ್ಮುತ್ತಿದ್ದಳು, ಮಗ್ಗುಲು ಬದಲಿಸುವ ಮುಂಚೆ ಬೀದಿಯಲ್ಲಿ ಒಂದು ಗಾಡಿ ಹೋಗಲೆಂದು ಕಾಯುತ್ತಿದ್ದಳು, ಎಂಜಲು ನುಂಗುವುದಕ್ಕೂ ಹೊತ್ತು ನೋಡುತ್ತಿದ್ದಳು. ಇಷ್ಟು ಮಾಡಿಯೂ ಅವಳು ಅಲ್ಲಿ ಇದ್ದಳು. ಇರುವುದೇ ತಪ್ಪಾದರೆ ಅದನ್ನು ಇನ್ನೆಷ್ಟು ಸಣ್ಣದಾಗಿ ಮಾಡಲು ಸಾಧ್ಯ?

ಬಾಡಿಗೆ ಮನೆ. ಮಾಲೀಕರು ಇಟ್ಟಿಗೆಯ ಮಾತೆತ್ತಿದರೆ ಮುಖ ಗಂಟು ಹಾಕುತ್ತಿದ್ದರು. ‘ಮರದ್ದು ಏನಾದ್ರೂ ಅಡ್ಡ ಹಾಕ್ಕೊಳ್ಳಿ, ಬಿಟ್ಟು ಹೋಗೋವಾಗ ಕಿತ್ಕೊಂಡು ಹೋಗಿ’ ಎಂದಿದ್ದರು. ಅಂಗಡಿಯ ಪ್ಲೈವುಡ್ಡಿಗೆ ಕೆಲಸ ಕಳೆದುಕೊಂಡವನ ಕೈ ಮುಂದೆ ಹೋಗುವಂತಿರಲಿಲ್ಲ. ಜೊತೆಗೆ ಮಿಲಿಮೀಟರಿಗೆ ಅದರ ಮೇಲೆ ಹಳೆಯ ತಾತ್ಸಾರ, ‘ಅಂಟು ಹಚ್ಚಿದ ರದ್ದಿ’ ಎನ್ನುತ್ತಿದ್ದ. ಈಗ ದಿಮ್ಮಿ ತಾನಾಗಿ ಬಂದು ಕಾಲ ಬುಡದಲ್ಲಿ ಬಿದ್ದಿತ್ತು.

ಗರಗಸ ಕೊಂಬೆರಾಯನದು. ಬೇರೆಯವರ ಮನೆಯ ಮರ ಹತ್ತಿ ಕೊಂಬೆ ಇಳಿಸುವುದು ಅವನ ಉದ್ಯೋಗ, ಆ ಹೆಸರು ಬಂದದ್ದೂ ಅದರಿಂದಲೇ. ಚೈನ್ ಗರಗಸವನ್ನು ಹೆಗಲ ಮೇಲೆ ಇಟ್ಟುಕೊಂಡು ಓಣಿಯಲ್ಲಿ ಅಡ್ಡಡ್ಡ ನಡೆದು ಬಂದ.

‘ಏನಯ್ಯಾ ಮಿಲಿಮೀಟ್ರೇ, ಎದ್ದುಬಿಟ್ಟಿದೀಯ! ನಾನು ನಿನ್ನ ನೋಡೋಕೆ ಹೂವು ಹಿಡ್ಕೊಂಡೇ ಬರಬೇಕಾಗತ್ತೇನೋ ಅಂದ್ಕೊಂಡಿದ್ದೆ.’

‘ನಾಲಿಗೇಗೂ ಅರ ಹಾಕಿಸ್ಕೊಂಡು ಬಂದಿದೀಯಾ?’

‘ನೋಡು, ಇದು ಅಡ್ಡ ಕಡಿಯೋ ಮೆಷಿನ್ನು. ನೀನು ಉದ್ದಕ್ಕೆ ಸೀಳ್ತೀನಿ ಅಂತಿದೀಯ. ಪ್ರಾಣ ಹೋಗತ್ತೆ ಇದರದ್ದು.’

‘ಹಲ್ಲು ನಾನು ತಿದ್ಕೋತೀನಿ.’

‘ಹಲ್ಲು ತಿದ್ದು, ಮೂಗು ತಿದ್ದು, ಏನ್ ಬೇಕಾದ್ರೂ ಮಾಡು. ವಾಪಸ್ ಕೊಡೋವಾಗ ಮಾತ್ರ ನೋಡಿದ್ರೆ ಮೆಷಿನ್ ಅಂತ ಗೊತ್ತಾಗ್ಬೇಕು, ಅಷ್ಟೇ.’ ಬಾಗಿಲ ಬಳಿ ತಿರುಗಿ ಸೂಜಿಯನ್ನು ನೋಡಿದ. ‘ಆ ಕಡೆ ಹಿಡಿ ಯಾರು ಹಿಡ್ಕೊಳ್ಳೋದು, ಈಯಮ್ಮನಾ? ಹುಷಾರು ಕಣಯ್ಯಾ, ಹಲಗೆ ಜೊತೆ ಇವರನ್ನೂ ಕೊಯ್ದುಬಿಟ್ಟೀಯ. ದಪ್ಪ ಒಂದೇ ಇದೆ.’

ಮಿಲಿಮೀಟರ್ ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಚೈನಿನ ಒಂದೊಂದೇ ಹಲ್ಲಿಗೆ ಅರ ಹಾಕಿದ. ಅಡ್ಡ ಕಡಿಯುವ ಹಲ್ಲು ಓರೆಯಾಗಿರಬೇಕು, ನಾರಿನ ಉದ್ದಕ್ಕೆ ಸೀಳುವ ಹಲ್ಲು ನೇರ ಮುಖ ಮಾಡಿ ನಿಲ್ಲಬೇಕು ಎಂದು ತಂಗಿಗೆ ವಿವರಿಸುತ್ತ, ಪ್ರತಿ ಹಲ್ಲನ್ನೂ ಬೆಳಕಿಗೆ ಹಿಡಿದು ನೋಡುತ್ತ, ಊಟಕ್ಕೆ ಕರೆದರೂ ಏಳದೆ ಕೂತ. ತಾಯಿ ಬಾಗಿಲಲ್ಲಿ ನಿಂತು ನೋಡಿ, ತಟ್ಟೆಯನ್ನು ಅಲ್ಲಿಗೇ ತಂದಿಟ್ಟಳು. ಗೇಟು ಬೆಸೆಯುವವನ ಹತ್ತಿರ ಒಂದು ಕಬ್ಬಿಣದ ಚೌಕಟ್ಟು ಮಾಡಿಸಿದ್ದಾಯಿತು. ಅದು ಗರಗಸದ ಚೈನು ಸುತ್ತುವ ಉದ್ದನೆಯ ಪಟ್ಟಿಯನ್ನು ಮಲಗಿಸಿ ಹಿಡಿದುಕೊಳ್ಳುತ್ತದೆ, ಎರಡು ತುದಿಗೂ ಒಂದೊಂದು ಹಿಡಿ. ಬೋಲ್ಟು ಸಡಿಲಿಸಿ ಮೇಲೆ ಕೆಳಗೆ ಮಾಡಿದರೆ ಹಲಗೆಯ ದಪ್ಪ ಬದಲಾಗುತ್ತದೆ. ದಿಮ್ಮಿಯ ಬೆನ್ನು ದುಂಡಗಿರುವುದರಿಂದ ಮೊದಲ ಕೊಯ್ತಕ್ಕೆ ಚೌಕಟ್ಟು ಜಾರಲು ಸಪಾಟು ದಾರಿ ಬೇಕು. ಅದಕ್ಕೆ ಮನೆಯ ಏಣಿಯನ್ನೇ ದಿಮ್ಮಿಯ ಮೇಲೆ ಮಲಗಿಸಿ ಮೊಳೆ ಹೊಡೆದ.

‘ನನ್ನ ಏಣಿ!’ ಎಂದು ತಾಯಿ ಒಳಗಿನಿಂದ ಚೀರಿದಳು.

‘ನೀನು ಯಾವ ಸ್ವರ್ಗಕ್ಕೆ ಹತ್ತಬೇಕಾಗಿದೆ ಈಗ?’

‘ಗಂಡ್ಸು ಅಟ್ಟದ ಮೇಲಿಂದ ಒಂದು ಪಾತ್ರೆ ಇಳಿಸಿಕೊಟ್ಟಿದ್ರೆ ನನಗ್ಯಾಕೋ ಏಣಿ!’

ಬಹಳ ಕಾಲದ ಮೇಲೆ ಆ ಮನೆಯಲ್ಲಿ ಬೈಗುಳಕ್ಕೆ ಜೀವ ಬಂದಿತ್ತು. ಸೂಜಿ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಚಿಂದಿ ತುರುಕಿ, ಹೊಲಿಯುವ ಕನ್ನಡಕವನ್ನೇ ಏರಿಸಿ ಬಂದು ನಿಂತಳು. ಗರಗಸದ ಎಂಜಿನ್ನಿನ ಕಡೆ ಅವನು, ಪಟ್ಟಿಯ ಮೂತಿಯ ಕಡೆ ಇವಳು, ನಡುವೆ ದಿಮ್ಮಿ. ಅವನು ಎಂಜಿನ್ ಹೊರಡಿಸುವ ಹಗ್ಗ ಎಳೆದ.

ಸದ್ದು ಎನ್ನುವುದು ಕಿವಿಯಿಂದ ಒಳಗೆ ಬರುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಇದು ಅಂಗೈಯಿಂದ ಬಂದಿತು, ಮೊಣಕೈ ಹತ್ತಿತು, ಹಲ್ಲಿನ ಬುಡದಲ್ಲಿ ಕೂತಿತು. ಹೊಗೆ, ಎಣ್ಣೆ, ಒದ್ದೆ ಹೊಟ್ಟು. ಮಾವಿನ ಸಿಪ್ಪೆ ಜಗಿದಂಥ ಘಾಟು ವಾಸನೆ. ಗರಗಸ ತಾನಾಗಿ ಮುಂದೆ ಹೋಗುವುದಿಲ್ಲ. ಇಬ್ಬರೂ ಒಂದೇ ಸಮ ಒತ್ತಬೇಕು. ಒಬ್ಬರು ಹೆಚ್ಚು ಒತ್ತಿದರೆ ಪಟ್ಟಿ ಸೊಟ್ಟಗಾಗಿ ಉಸಿರು ಕಟ್ಟಿ ನಿಲ್ಲುತ್ತದೆ. ಮಾತು ನಡೆಯದ ಆ ಗದ್ದಲದಲ್ಲಿ ಅಣ್ಣ ಗದ್ದ ಎತ್ತಿದರೆ ಮುಂದೆ, ಇಳಿಸಿದರೆ ನಿಲ್ಲಿಸು. ಸ್ವಲ್ಪ ದೂರ ಹೋದಮೇಲೆ ನಿಂತು, ಕೊಯ್ದ ಬಿರುಕು ಮತ್ತೆ ಕೂಡಿಕೊಳ್ಳದಂತೆ ಅವಳು ಹಿಂದಿನಿಂದ ಬೆಣೆ ತುರುಕಬೇಕು. ಹೊಸ ಹೊಲಿಗೆಯೊಂದನ್ನು ಕಲಿಯುವ ಹಾಗೆ ಅವಳು ಅದನ್ನು ಕಲಿತುಬಿಟ್ಟಳು. ಮಿಲಿಮೀಟರ್ ಅವಳತ್ತ ನೋಡಿ ಹಲ್ಲು ಕಿರಿದ. ಮುಖ ತುಂಬ ಹೊಟ್ಟು, ಹುಬ್ಬಿನ ಮೇಲೆ ಹೊಟ್ಟು.

ಮೊದಲ ಚಕ್ಕೆಯನ್ನು ಎತ್ತಿ ಬದಿಗೆ ಹಾಕಿದಾಗ ಒಳಗಿನ ಮರ ಕಂಡಿತು. ತಿಳಿ ಹಳದಿ, ನಡುನಡುವೆ ಕಂದು ಅಲೆ, ಒದ್ದೆಯಾಗಿ ಹೊಳೆಯುತ್ತಿತ್ತು. ಅಣ್ಣ ಕೂಗಿ ತಾಯಿಯನ್ನು ಕರೆದ.

‘ನೋಡಮ್ಮಾ, ಹೆಂಗಿದೆ!’

ತಾಯಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ‘ನೋಡೋಕೆ ಚೆನ್ನಾಗೇ ಇದೆ. ನಿನ್ನ ಹೆಂಡ್ತೀನೂ ಹಿಂಗೇ ಇದ್ಲು.’

ಮೊದಲು ಎರಡು ಬೆರಳು ದಪ್ಪದ ಹಲಗೆಗಳನ್ನು ತೆಗೆದರು. ನಿಲ್ಲುವ ಕಂಬಗಳಿಗೆ, ಅಡ್ಡಪಟ್ಟಿಗೆ ಅದು ಬೇಕೇ ಬೇಕು. ಆಮೇಲೆ ಅಣ್ಣ ಉಳಿದ ದಿಮ್ಮಿಯನ್ನು ನೋಡಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಏನೋ ಗೀಚಿ, ಅಳಿಸಿ, ಮತ್ತೆ ಗೀಚಿದ. ಕಾರ್ಖಾನೆಯ ತೆಳು ಅಲಗಿನ ಪಟ್ಟಿಗರಗಸ ಕಾಗದದಷ್ಟು ತೆಳ್ಳಗೆ ಮರ ತಿನ್ನುತ್ತಿತ್ತು. ಈ ಚೈನು ಒಂದೊಂದು ಕೊಯ್ತಕ್ಕೂ ಹೆಚ್ಚುಕಡಿಮೆ ಕಿರುಬೆರಳಿನಷ್ಟು ಮರವನ್ನು ಹೊಟ್ಟು ಮಾಡಿ ಉಗುಳುತ್ತಿತ್ತು. ಬಟ್ಟೆಗೆ ಕತ್ತರಿ ಇಟ್ಟರೆ ಕತ್ತರಿ ಏನನ್ನೂ ತಿನ್ನುವುದಿಲ್ಲ, ಎರಡು ತುಂಡು ಕೂಡಿಸಿದರೆ ಮತ್ತೆ ಅಷ್ಟೇ ಬಟ್ಟೆ. ಇಲ್ಲಿ ಹಲಗೆಯ ರಾಶಿಗಿಂತ ಹೊಟ್ಟಿನ ರಾಶಿ ಎತ್ತರವಾಗುತ್ತಿರುವುದನ್ನು ಸೂಜಿ ನೋಡುತ್ತಲೇ ಇದ್ದಳು.

‘ಈ ದಪ್ಪಕ್ಕೆ ಗೋಡೆ ಅರ್ಧಕ್ಕೇ ನಿಲ್ಲತ್ತೆ’ ಎಂದ ಅಣ್ಣ. ಬೋಲ್ಟು ಸಡಿಲಿಸಿ, ಅಳತೆಪಟ್ಟಿ ಕೂಡ ಹಿಡಿಯದೆ, ಚೌಕಟ್ಟನ್ನು ಸರಕ್ಕನೆ ಇಳಿಸಿ ಬಿಗಿದ. ಕೈಗೆ ರೂಢಿಯಾದ ಒಂದೇ ಅಳತೆಗೆ ಅದು ಹೋಗಿ ಕೂತಿತ್ತು. ಪೆಟ್ಟಿಗೆಯ ಹಲಗೆಯ ಅಳತೆ.

‘ಇಷ್ಟು ತೆಳ್ಳಗಾ ಅಣ್ಣ?’

‘ಈ ದಪ್ಪದ ಮೇಲೆ ನಾನು ಇಷ್ಟು ವರ್ಷ ಊಟ ಮಾಡಿದೀನಿ ಕಣೇ. ಇದರಲ್ಲಿ ಮಾಡಿದ ಪೆಟ್ಟಿಗೆ ಮೇಲೆ ಲಾರಿ ಡ್ರೈವರು ನಿಂತು ಕುಣೀತಿದ್ದ, ಗೊತ್ತಾ?’

ಗೊತ್ತಿರಲಿಲ್ಲ. ಅವಳು ಹಿಡಿ ಹಿಡಿದಳು.

ಹಲವು ದಿನ ಹೀಗೇ ನಡೆಯಿತು. ನೆರೆಮನೆಯವರು ಕಿಟಕಿ ಮುಚ್ಚಿಕೊಂಡರು. ಸಂಜೆ ಮೆಷಿನ್ನಿನ ಮುಂದೆ ಕೂತರೆ ಸೂಜಿಯ ಕೈಯೊಳಗೆ ಗರಗಸ ಇನ್ನೂ ಓಡುತ್ತಿರುತ್ತಿತ್ತು, ಬೆರಳುಗಳು ಗುಂಯ್ ಎನ್ನುತ್ತಿದ್ದವು. ದಾರ ಪೋಣಿಸಲು ಹೋದರೆ ಸೂಜಿಯ ಕಣ್ಣು ಒಂದು ಕಡೆ, ದಾರ ಒಂದು ಕಡೆ.

‘ಕೊಡಿಲ್ಲಿ’ ಎಂದು ಅಣ್ಣ ತೆಗೆದುಕೊಂಡ. ಅವನ ಕೈಯೂ ಹಾಗೇ ನಡುಗುತ್ತಿತ್ತು. ನಾಲಿಗೆ ಹೊರಗಿಟ್ಟು, ಒಂದು ಕಣ್ಣು ಮುಚ್ಚಿ, ಕೂದಲೆಳೆ ತಪ್ಪದ ಆ ಮನುಷ್ಯ ದಾರವನ್ನು ಮತ್ತೆ ಮತ್ತೆ ಗಾಳಿಗೆ ಪೋಣಿಸಿದ. ಇಬ್ಬರೂ ನಕ್ಕುಬಿಟ್ಟರು. ‘ಸೂಜಿಗೆ ಸೂಜಿ ಹಿಡಿಯೋಕೆ ಬರದಂಗಾಯ್ತು!’ ಎಂದ. ಆ ನಗುವಿನ ನಡುವೆ ಅವಳಿಗೆ ಒಂದು ವಿಚಿತ್ರ ಯೋಚನೆ ಬಂತು: ಇಬ್ಬರೂ ಎರಡು ತುದಿ ಹಿಡಿದು, ಉಸಿರು ಕೂಡಿಸಿ ಕೊಯ್ಯುತ್ತಿರುವುದು ತಮ್ಮಿಬ್ಬರ ನಡುವೆ ನಿಲ್ಲಬೇಕಾದ ಗೋಡೆಯನ್ನೇ. ಆದರೂ ಬೇಗ ಆಗಲಿ, ಎಷ್ಟು ಬೇಗ ಆದರೆ ಅಷ್ಟು ಬೇಗ ಅತ್ತಿಗೆ ಬರುತ್ತಾಳೆ ಎಂದೇ ಅವಳ ಜೀವ ಬಡಿದುಕೊಳ್ಳುತ್ತಿತ್ತು.

ಕೊನೆಯ ಹಲಗೆ ಇಳಿದ ದಿನವೇ ಅಣ್ಣ ಮೊಳೆಯ ಡಬ್ಬಿ ತಂದ. ಹಲಗೆಗಳನ್ನು ಮುಟ್ಟಿದರೆ ಕೈ ಒದ್ದೆಯಾಗುತ್ತಿತ್ತು.

‘ಒಣಗೋದು ಬೇಡ್ವಾ ಅಣ್ಣ? ನಾವು ಹೊಸ ಬಟ್ಟೆ ಆದ್ರೆ ಮೊದ್ಲು ನೀರಿಗೆ ಹಾಕಿ, ಒಣಗಿಸಿ, ಆಮೇಲೆ ಕತ್ತರಿ ಇಡೋದು. ಇಲ್ಲಾಂದ್ರೆ ಕುಗ್ಗತ್ತೆ.’

‘ಬಟ್ಟೆ ಬೇರೆ, ಮರ ಬೇರೆ. ಹಸಿ ಇದ್ದಾಗಲೇ ಮೊಳೆ ಹೊಡೀಬೇಕು. ಒಣಗಿದ್ಮೇಲೆ ಹೊಡೆದ್ರೆ ಸೀಳ್ಕೊಳ್ಳತ್ತೆ. ಹಸಿ ಮರ ಮೊಳೇನ ಹೆಂಗೆ ಹಿಡ್ಕೊಳ್ಳತ್ತೆ ನೋಡು, ಎಳೇ ಮಗು ಬೆರಳು ಹಿಡ್ಕೊಂಡಂಗೆ.’ ಒಂದು ಮೊಳೆ ಹೊಡೆದು ತೋರಿಸಿದ. ಹಲಗೆ ತುಟಿಪಿಟಕ್ಕೆನ್ನದೆ ಅದನ್ನು ನುಂಗಿಕೊಂಡಿತು. ‘ಕಾರ್ಖಾನೇಲಿ ಒಂದು ದಿನಾನೂ ನಾವು ಒಣಗೋಕೆ ಬಿಟ್ಟಿಲ್ಲ.’

ಅದು ಸುಳ್ಳಲ್ಲ. ಪೆಟ್ಟಿಗೆ ಕಾರ್ಖಾನೆಯಲ್ಲಿ ಬೆಳಿಗ್ಗೆ ದಿಮ್ಮಿಯಾಗಿದ್ದದ್ದು ಸಂಜೆ ಪೆಟ್ಟಿಗೆಯಾಗಿ ಲಾರಿ ಹತ್ತುತ್ತಿತ್ತು. ಹಣ್ಣು ಹೊತ್ತು ದೂರದ ಸಂತೆಗೆ ಹೋಗುತ್ತಿತ್ತು, ಅಲ್ಲಿ ಯಾರೋ ಒಡೆದು ಒಲೆಗೆ ಹಾಕುತ್ತಿದ್ದರು. ಪೆಟ್ಟಿಗೆಯ ಆಯುಷ್ಯ ಮರದ ಹಸಿ ಆರುವುದರೊಳಗೆ ಮುಗಿಯುತ್ತಿತ್ತು. ಹಲಗೆ ಹಲಗೆಯ ನಡುವೆ ಸಂದು ಬಿದ್ದರೆ ಒಳ್ಳೆಯದೇ, ಹಣ್ಣಿಗೆ ಗಾಳಿ ಬೇಕು. ಮಿಲಿಮೀಟರ್ ಇಷ್ಟು ವರ್ಷ ಲೆಕ್ಕವಿಲ್ಲದಷ್ಟು ಹಲಗೆ ಕೊಯ್ದಿದ್ದ, ಆದರೆ ಅವನ ಕೈಯಿಂದ ಹೋದ ಒಂದೇ ಒಂದು ಹಲಗೆಯೂ ಹಿಂದೆ ಬಂದು ತನ್ನ ಮುಖ ತೋರಿಸಿರಲಿಲ್ಲ. ಮರದ ಬಾಲ್ಯವನ್ನಷ್ಟೇ ಕಂಡವನು ಅವನು, ಅದರ ಮುಪ್ಪು ಹೇಗಿರುತ್ತದೆಂದು ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ತಂಗಿಗಂತೂ ಮೊದಲೇ ತಿಳಿಯದು. ತನ್ನ ಮಾತಿಗೆ ಅವನು ಉತ್ತರ ಕೊಟ್ಟನಲ್ಲ, ಅದೇ ಸಾಕೆಂದು ಅವಳು ಮೊಳೆ ಎತ್ತಿಕೊಟ್ಟಳು.

ಗೋಡೆ ನಿಂತಿತು. ನೆಲದಿಂದ ಮಾಡಿನವರೆಗೆ, ಒಂದು ಮೂಲೆಯಲ್ಲಿ ಪುಟ್ಟ ಬಾಗಿಲು, ಅದಕ್ಕೊಂದು ಚಿಲಕ. ಹಲಗೆಗೆ ಹಲಗೆ ಒತ್ತಿಕೊಂಡು, ನಡುವೆ ಕಾಗದ ತೂರಿಸಿದರೂ ತೂರದು. ಅಣ್ಣ ಒಳಗೆ ಹೋಗಿ ಚಿಲಕ ಹಾಕಿಕೊಂಡ.

‘ಕೇಳಿಸ್ತಾ?’ ಎಂಬ ಮಾತು ಆಚೆಯಿಂದ ಬಂತು.

‘ಇಲ್ಲ’ ಎಂದಳು ಸೂಜಿ.

ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ಕುಲುಕುಲು ನಕ್ಕಳು. ‘ಎಂಥಾ ಮಕ್ಕಳನ್ನ ಹೆತ್ತೆನಪ್ಪಾ! ಇಲ್ಲ ಅಂತ ಹೇಳೋಕೆ ಕೇಳಿಸ್ಬೇಕಲ್ವೇನೇ!’

ಅಣ್ಣ ಹೊರಗೆ ಬಂದು, ‘ನಾನು ಜೋರಾಗಿ ಕೇಳ್ದೆ ಬಿಡು. ಮೆಲ್ಲಗೆ ಮಾತಾಡಿದ್ರೆ ಏನೂ ಕೇಳಿಸಲ್ಲ’ ಎಂದ. ಅವನ ಮುಖದಲ್ಲಿ ಅಷ್ಟು ಬೆಳಕಿತ್ತು, ಅದಕ್ಕೆ ಯಾರೂ ಎದುರಾಡಲಿಲ್ಲ.

ಅತ್ತಿಗೆ ಬಂದಳು. ಹೇಳಿದ ಮಾತಿಗೆ ತಪ್ಪುವವಳಲ್ಲ. ಚೀಲ ಕೆಳಗಿಟ್ಟು, ಇಸ್ತ್ರಿಯಿಂದ ಗಟ್ಟಿಯಾದ ಅಂಗೈಯನ್ನು ಹಲಗೆಯ ಮೇಲೆ ಆಡಿಸಿದಳು. ‘ತಣ್ಣಗಿದೆ’ ಎಂದಳು. ಆಮೇಲೆ ಗಂಡನನ್ನು ನೋಡಿ, ‘ಇಬ್ರೇ ಮಾಡಿದ್ದಾ ಇದನ್ನ?’ ಎಂದಳು. ಅವಳ ಕಣ್ಣು ಸೂಜಿಯ ಕಡೆಗೂ ಬಂದು ಹೋಯಿತು. ಆ ನೋಟದಲ್ಲಿ ಉಪಕಾರ ಸ್ಮರಣೆಯಂಥದ್ದು ಏನೋ ಇದ್ದು, ಸೂಜಿ ನಾಚಿ ನೆಲ ನೋಡಿದಳು.

ಒಳ್ಳೆಯ ದಿನಗಳು ಬಂದವು. ಮಿಲಿಮೀಟರ್ ಬೆಳಿಗ್ಗೆ ಎದ್ದು ಕೆಲಸ ಕೇಳಲು ಹೊರಗೆ ಹೋಗತೊಡಗಿದ. ಗೋಡೆಯ ಆಚೆ ಅತ್ತಿಗೆ ಒಮ್ಮೆ ಕಿಸಕ್ಕನೆ ನಕ್ಕದ್ದು ಕೇಳಿಸಿತು, ಮಾತು ಮಾತ್ರ ಕೇಳಿಸಲಿಲ್ಲ. ಸೂಜಿ ಅಂದು ತನ್ನ ಹಾಸಿಗೆಯಲ್ಲಿ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ದಿಂಬು ಹುಡುಕದೆ ಬಾಯಿ ತೆರೆದು ಕೆಮ್ಮಿದಳು. ಕೆಮ್ಮಿ ಮುಗಿದಮೇಲೂ ಸುಮ್ಮನೆ ಇನ್ನೊಂದು ಸಲ ಕೆಮ್ಮಿದಳು. ಅದು ತನ್ನದೇ ದನಿಯೆಂದು ಅವಳಿಗೆ ಆಶ್ಚರ್ಯವಾಯಿತು.

ಆಮೇಲೆ ಒಣಗಾಳಿ ತಿರುಗಿತು.

ಒಂದು ಮಧ್ಯಾಹ್ನ ಅವಳು ಒಬ್ಬಳೇ ಹೊಲಿಯುತ್ತಿದ್ದಾಗ ಟಪ್ ಎಂದಿತು. ಹೊರಗೆ ಯಾರೋ ಏನೋ ಬೀಳಿಸಿದರೆಂದುಕೊಂಡಳು. ಮತ್ತೆ ಟಪ್. ಸದ್ದು ಬರುತ್ತಿದ್ದದ್ದು ಗೋಡೆಯೊಳಗಿನಿಂದ. ಹತ್ತಿರ ಹೋಗಿ ನೋಡಿದರೆ ಎರಡು ಹಲಗೆಯ ನಡುವೆ ದಾರದಷ್ಟು ಸಣ್ಣ ಗೆರೆ, ಗೆರೆಯಲ್ಲಿ ಆಚೆಯ ಮಂಚದ ಹೊದಿಕೆಯ ನೀಲಿ. ಅವಳು ಬೆರಳಿನಿಂದ ಅದನ್ನು ಮುಚ್ಚಿ ನಿಂತಳು, ಮುಚ್ಚಿದರೆ ಕೂಡಿಕೊಂಡೀತು ಎಂಬಂತೆ.

ಗೆರೆ ಬೆಂಕಿಕಡ್ಡಿಯಷ್ಟಾಯಿತು. ಬೆಂಕಿಕಡ್ಡಿ ಪೆನ್ಸಿಲ್ಲಿನಷ್ಟಾಯಿತು. ಒಂದು ಕಡೆ ಅಲ್ಲ, ಪ್ರತಿ ಹಲಗೆಯ ಎರಡು ಕಡೆ. ತೆಳು ಹಲಗೆಗಳು ಬರೀ ಕುಗ್ಗಿ ಸುಮ್ಮನಾಗಲಿಲ್ಲ, ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಅಂಚು ಎತ್ತಿ ಸೊಟ್ಟಗಾದವು, ಮಗುವಿನ ಹಾಗೆ ಹಿಡಿದುಕೊಂಡಿದ್ದ ಮೊಳೆಗಳನ್ನು ಒಂದೊಂದಾಗಿ ಕೈಬಿಟ್ಟವು. ಬೆಳಗಿನ ಬಿಸಿಲು ಬೀದಿ ಕಿಟಕಿಯಿಂದ ಬಂದು, ಗೋಡೆಯನ್ನು ಹಾದು, ಅಣ್ಣ ಅತ್ತಿಗೆಯರ ಮಂಚದ ಮೇಲೆ ಪಟ್ಟೆಪಟ್ಟೆಯಾಗಿ ಬೀಳತೊಡಗಿತು. ಗೋಡೆ ಈಗ ತಪ್ಪಿಲ್ಲದ, ಒಳ್ಳೇ ಗಾಳಿಯಾಡುವ ಒಂದು ಹಣ್ಣಿನ ಪೆಟ್ಟಿಗೆಯಾಗಿತ್ತು.

‘ಹೊಸದಲ್ವಾ, ಸ್ವಲ್ಪ ಕೂರ್ತಿದೆ’ ಎಂದ ಮಿಲಿಮೀಟರ್. ಮರುದಿನವೂ ಹಾಗೇ ಎಂದ. ಅದರ ಮರುದಿನ ಕೆಲಸ ಕೇಳಲು ಹೋಗುವುದನ್ನು ಬಿಟ್ಟು ಸುತ್ತಿಗೆ ಹಿಡಿದು ಗೋಡೆಯ ಸುತ್ತಲೇ ಓಡಾಡಿದ. ಎದ್ದ ಅಂಚನ್ನು ಮೊಳೆ ಹೊಡೆದು ಕೂರಿಸಲು ಹೋದರೆ ಒಣಗಿದ ಹಲಗೆ ಉದ್ದಕ್ಕೆ ಸೀಳಿಕೊಂಡಿತು. ಈ ಒಂದು ವಿಷಯದಲ್ಲಿ ಅವನು ಹೇಳಿದ್ದು ನಿಜವಾಗಿತ್ತು.

ಸೂಜಿ ಚಿಂದಿಗಳನ್ನು ಸುತ್ತಿ ಹೊಲಿದು ಸಂದಿಗೆ ತುರುಕಿದಳು. ಗಾಳಿ ಬಂದರೆ ಅವು ಆಚೆ ಬೀಳುತ್ತಿದ್ದವು. ಅತ್ತಿಗೆ ಅವನ್ನು ಎತ್ತಿ ಮಡಿಸಿ ಮೆಷಿನ್ನಿನ ಮೇಲೆ ಇಟ್ಟುಹೋಗುತ್ತಿದ್ದಳು. ಬಟ್ಟೆ ಬದಲಿಸಲು ಅಡುಗೆಮನೆಗೆ ಹೋಗತೊಡಗಿದಳು. ನಗುವಿರಲಿ, ಗಂಡನೊಡನೆ ಮಾತೂ ಹೂಂ, ಉಹೂಂಗೆ ಇಳಿಯಿತು. ಪರದೆಯಿದ್ದಾಗ ಆಚೆ ಒಬ್ಬಳಿದ್ದಾಳೆ ಎಂದು ಮರೆಯುವುದಾದರೂ ಸಾಧ್ಯವಿತ್ತು. ಈಗ ಪ್ರತಿ ಸಂದಿಯೂ ಅದನ್ನು ನೆನಪಿಸುತ್ತಿತ್ತು.

ಒಂದು ರಜೆಯ ದಿನ ಹಗಲು ಅತ್ತಿಗೆ ಮಲಗಿದ್ದಳು. ಸೂಜಿ ದಾರ ಪೋಣಿಸಲು ಸೂಜಿಯನ್ನು ಮುಖದೆದುರು ಎತ್ತಿ ಹಿಡಿದಳು. ಅದರ ಕಣ್ಣಿನ ನೇರಕ್ಕೆ ಗೋಡೆಯ ಸಂದು, ಸಂದಿನ ನೇರಕ್ಕೆ ಇನ್ನೊಂದು ಕಣ್ಣು, ತೆರೆದುಕೊಂಡೇ ಇತ್ತು. ಇಬ್ಬರೂ ದೃಷ್ಟಿ ತೆಗೆಯುವಷ್ಟರಲ್ಲಿ ತಡವಾಗಿತ್ತು.

‘ನಾನೇನೂ ನೋಡ್ತಿರ್ಲಿಲ್ಲ’ ಎಂದಳು ಅತ್ತಿಗೆ. ದನಿ ಎತ್ತಬೇಕಾಗಿಯೇ ಇರಲಿಲ್ಲ.

‘ನಾನೂ ನೋಡ್ತಿರ್ಲಿಲ್ಲ.’

‘ನೀವು ಹೊಲೀರಿ.’

ಸೂಜಿ ಹೊಲಿಯಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು, ಉಸಿರು ಕೇಳಿಸದಂತೆ ಕೂತಳು. ಆಚೆಯೂ ಒಬ್ಬಳು ಉಸಿರು ಕೇಳಿಸದಂತೆ ಮಲಗಿದ್ದಾಳೆಂದು ಅವಳಿಗೆ ತಿಳಿಯುತ್ತಿತ್ತು.

ಎರಡು ದಿನ ಕಳೆದು ಅತ್ತಿಗೆ ಚೀಲ ತುಂಬಿದಳು. ‘ಅಮ್ಮನ ಮನೆಗೆ ಹೋಗಿಬರ್ತೀನಿ’ ಎಂದು ಗಂಡನಿಗೂ ಅತ್ತೆಗೂ ಹೇಳಿದಳು. ಮಿಲಿಮೀಟರ್ ಕೈತುಂಬ ಮೊಳೆ ಹಿಡಿದು ನಿಂತವನು, ‘ಹೋಗಿಬಾ, ಅಷ್ಟರೊಳಗೆ ಇದನ್ನ ಸರಿಮಾಡಿರ್ತೀನಿ’ ಎಂದ. ಬಸ್ ನಿಲ್ದಾಣದವರೆಗೆ ಚೀಲ ಹಿಡಿದುಕೊಂಡು ಸೂಜಿ ಹೋದಳು. ಓಣಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದರು, ಆದ್ದರಿಂದ ಮುಖ ನೋಡುವ ಪ್ರಮೇಯ ಬರಲಿಲ್ಲ. ನಿಲ್ದಾಣದ ಬೆಂಚಿನ ಮೇಲೆ ಕೂತಮೇಲೆ ಅವಳು ಬಾಯಿಬಿಟ್ಟಳು. ಜೀವಮಾನದಲ್ಲಿ ಅವಳು ಯಾರನ್ನೂ ಬೇಡಿಕೊಂಡವಳಲ್ಲ.

‘ಅತ್ತಿಗೆ, ನಾನೇ ಬೇರೆ ಎಲ್ಲಾದ್ರೂ ಇರ್ತೀನಿ. ನೀವು ಹೋಗ್ಬೇಡಿ.’

‘ಎಲ್ಲಿರ್ತೀರಾ?’

ಅವಳು ಯೋಚಿಸಿದಳು. ‘ಚೌಕದ ಹತ್ರ ಹೊಲಿಗೆ ಅಂಗಡಿ ಇದೆಯಲ್ಲ, ಅದರ ಹಿಂದೆ ಒಂದು ಕೋಣೆ...’

‘ಆ ಅಂಗಡಿ ಮುಚ್ಚಿ ಎಷ್ಟು ಕಾಲ ಆಯ್ತು. ನೀವು ಮನೆ ಬಿಟ್ಟು ಹೊರಗೆ ಬಂದ್ರೆ ತಾನೆ ಗೊತ್ತಾಗೋದು.’ ಅತ್ತಿಗೆ ನಕ್ಕಳು, ಕೆಟ್ಟ ನಗುವಲ್ಲ.

‘ಅಣ್ಣ ದಪ್ಪ ಹಲಗೇದು ಹಾಕ್ತಾನೆ. ಈ ಸಲ ಒಣಗಿಸಿ ಹಾಕ್ತಾನೆ.’

‘ಯಾವ ಮರದಲ್ಲಿ?’

ಅತ್ತಿಗೆ ಸೂಜಿಯ ಕೈಯಿಂದ ಚೀಲ ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು.

‘ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಅದೇ ಕಷ್ಟ ಆಗಿರೋದು. ಕೋಪ ಇದ್ದಿದ್ರೆ ಜಗಳ ಆಡ್ಕೊಂಡಾದ್ರೂ ಇದ್ದುಬಿಡ್ತಿದ್ದೆ. ನೀವು ಅಲ್ಲಿ ಸದ್ದು ಮಾಡ್ದೆ ಕೂತಿರ್ತೀರಲ್ಲ, ಅದು ನನ್ನ ಕಿವೀಲಿ ಎಷ್ಟು ಜೋರಾಗಿರತ್ತೆ ಗೊತ್ತಾ ನಿಮಗೆ?’ ಬಸ್ಸು ತಿರುವಿನಲ್ಲಿ ಕಾಣಿಸಿತು. ಅವಳು ಎದ್ದಳು. ‘ನಾನು ಇನ್ನು ಬರಲ್ಲ. ಅವ್ರಿಗೆ ಹೇಳೋಕೆ ನನ್ನ ಕೈಲಿ ಆಗ್ಲಿಲ್ಲ. ಆ ಗೋಡೆ ಮುಂದೆ ನಿಂತಿದ್ರಲ್ಲ, ಆ ಮುಖ ನೋಡಿ ಹೇಗೆ ಹೇಳ್ಲಿ? ಲಾಂಡ್ರಿಯವ್ರ ಇನ್ನೊಂದು ಅಂಗಡಿಗೆ ಹಾಕಿಸ್ಕೊಂಡಿದೀನಿ. ಸ್ವಲ್ಪ ದಿನ ಬಿಟ್ಟು ನಾನೇ ತಿಳಿಸ್ತೀನಿ. ಅಲ್ಲೀವರೆಗೂ ನೀವೂ ಏನೂ ಹೇಳ್ಬೇಡಿ.’

ಬಸ್ಸು ಬಂತು, ನಿಂತಿತು, ಹೊರಟಿತು. ಸೂಜಿ ಖಾಲಿ ಕೈಯಲ್ಲಿ ಇನ್ನೂ ಕೊಂಚ ಹೊತ್ತು ಬೆಂಚಿನ ಬಳಿ ನಿಂತಿದ್ದಳು. ಹೋಗಲು ಬೇರೊಂದು ಮನೆಯಿದ್ದಿದ್ದರೆ ಆಗ ಹೋಗಿಬಿಡುತ್ತಿದ್ದಳು.

ಮನೆಗೆ ಬಂದರೆ ಕೋಣೆಯ ತುಂಬ ಎಣ್ಣೆ ವಾಸನೆ. ಕಿಟಕಿಯ ಗಾಜು ಕೂರಿಸಲು ಮೆತ್ತುತ್ತಾರಲ್ಲ, ಆ ಪುಟ್ಟಿಯನ್ನು ಅಣ್ಣ ಯಾರನ್ನೋ ಕಾಡಿ ಡಬ್ಬಿ ತುಂಬ ತಂದಿದ್ದ. ತನ್ನ ಕಡೆ ಮಂಚವನ್ನು ಸರಿಸಿ, ಮಂಡಿಯೂರಿ, ನಾದಿದ ಪುಟ್ಟಿಯನ್ನು ಬಿಲ್ಲೆ ಬಿಲ್ಲೆಯಾಗಿ ಸಂದಿಗೆ ಒತ್ತುತ್ತಿದ್ದ.

‘ಬಸ್ ಸಿಕ್ತಾ ಅವಳಿಗೆ?’ ಎಂದ ಗೋಡೆಯ ಆಚೆಯಿಂದ.

‘ಸಿಕ್ತು.’

‘ಕೂರೋಕೆ ಜಾಗ?’

‘ಸಿಕ್ತು.’

‘ಯಾವಾಗ ಬರ್ತೀನಿ ಅಂದ್ಲು?’

ಸೂಜಿ ತನ್ನ ಕಡೆಯಿಂದ ಗೋಡೆ ನೋಡಿದಳು. ಅವನು ಆಚೆಯಿಂದ ಒತ್ತಿದ ಪುಟ್ಟಿ ಸಂದಿಯಲ್ಲಿ ನಿಲ್ಲದೆ ಈಚೆ ಉಬ್ಬಿ, ಒಂದು ಕ್ಷಣ ತೂಗಾಡಿ, ಮೆತ್ತಗೆ ನೆಲಕ್ಕೆ ಬೀಳುತ್ತಿತ್ತು. ಬುಡದಲ್ಲಿ ಆಗಲೇ ಒಂದು ಸಾಲು ಮುದ್ದೆಗಳು ಬಿದ್ದಿದ್ದವು. ಅವನ ಕಡೆಯಿಂದ ಅದು ಕಾಣುವಂತಿರಲಿಲ್ಲ.

‘ಹೇಳ್ಲಿಲ್ಲ ಅಣ್ಣ.’

‘ಇರ್ಲಿ ಬಿಡು. ಇವತ್ತು ಕೆಳಗಿನ ಸಾಲು ಆದ್ರೆ ಉಳಿದಿದ್ದು ಬೇಗ ಆಗತ್ತೆ. ನೋಡು, ಆ ಕಡೆ ಹೇಗಿದೆ? ನಿಂತಿದೆಯಾ?’

ಮತ್ತೊಂದು ಬಿಲ್ಲೆ ಸಂದಿಯಿಂದ ಮೂತಿ ಹೊರಗೆ ಹಾಕಿತು. ಸೂಜಿ ಥಟ್ಟನೆ ಕೂತು ಅಂಗೈಯನ್ನು ಅದಕ್ಕೆ ಅಡ್ಡ ಒತ್ತಿದಳು. ಆಚೆಯಿಂದ ಅವನ ಹೆಬ್ಬೆರಳು ಒತ್ತುತ್ತಿರುವುದು ಪುಟ್ಟಿಯ ಮೂಲಕ ಅವಳ ಅಂಗೈಗೆ ತಿಳಿಯಿತು.

‘ನಿಂತಿದೆ’ ಎಂದಳು.

‘ಹೇಳ್ಲಿಲ್ವಾ ನಾನು!’ ಎಂದು ಅವನು ಮುಂದಿನ ಸಂದಿಗೆ ಸರಿದ. ಅವಳು ಎಡಗೈಯನ್ನು ಅಲ್ಲಿಗೆ ಇಟ್ಟಳು. ಬಲಗೈ ತೆಗೆದರೆ ಮೊದಲಿನದು ಬೀಳುತ್ತಿತ್ತು. ಅವನು ಅದರ ಮುಂದಿನದಕ್ಕೆ ಸರಿಯುತ್ತಿದ್ದ.